ಕೊನೆಯ ಕ್ಷಣದ ಕೂಗು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯ ಜನರಿಗೆ ಹುಣಸೆ ಫಸಲಿನ ಹರಾಜು ಹೊಸತಲ್ಲ. ಕೂಗುವ ಹರಾಜಿನಲ್ಲಿ ‘ಒಂದು ಸಲ, ಎರಡು ಸಲ’ ಎಂದವನು ಮೂರನೆಯ ಕೂಗಿಗೆ ಮುನ್ನ ಸಭೆಯತ್ತ ನೋಡುತ್ತಾನೆ. ಯಾರಾದರೂ ಬೆಲೆ ಏರಿಸಿದರೆ ಎಣಿಕೆ ಮತ್ತೆ ಒಂದರಿಂದ ಮೊದಲಾಗುತ್ತದೆ. ಮಾತನಾಡಲು ಮನಸ್ಸಿರುವ ಒಬ್ಬನಾದರೂ ಉಳಿದಿರುವ ತನಕ ಹರಾಜು ಮುಗಿಯದು ಎಂಬ ನ್ಯಾಯ ಇದರಲ್ಲಿದೆ.

ಅಂತರ್ಜಾಲದ ಅನೇಕ ಹರಾಜುಗಳು ಈ ನ್ಯಾಯವನ್ನು ತೊರೆದಿವೆ. ಟಂಕಸಾಲೆಯಲ್ಲಿ ಅಚ್ಚು ಪಕ್ಕಕ್ಕೆ ಸರಿದು ಮೂಡಿದ ನಾಣ್ಯವೊಂದು ಇಬೇ ತಾಣದಲ್ಲಿ ಹರಾಜಿಗೆ ಬಂದರೆ, ಮುಕ್ತಾಯದ ಗಳಿಗೆ ಮೊದಲೇ ನಿಶ್ಚಿತ. ದಿನಗಟ್ಟಲೆ ಮೌನವಾಗಿದ್ದವನು ಕೊನೆಯ ಕೆಲವು ಸೆಕೆಂಡುಗಳಲ್ಲಿ ಬೆಲೆ ಹಾಕುತ್ತಾನೆ. ಅದಕ್ಕೆಂದೇ ತಂತ್ರಾಂಶಗಳೂ ಇವೆ. ಇತರರಿಗೆ ಉತ್ತರ ಕೊಡಲು ಅವಕಾಶವೇ ಇಲ್ಲ. ಇದನ್ನು ಜಾಣತನವೆಂದು ಹೊಗಳುವವರಿದ್ದಾರೆ.

‘ತನ್ನ ಗರಿಷ್ಠ ಬೆಲೆಯನ್ನು ಮೊದಲೇ ನಮೂದಿಸಿದವನಿಗೆ ನಷ್ಟವೇನು? ತಾಣವೇ ಅವನ ಪರವಾಗಿ ಬೆಲೆ ಏರಿಸುತ್ತದೆಯಲ್ಲ’ ಎಂಬುದು ಅವರ ವಾದ. ಬೆಲೆ ನಿಶ್ಚಿತವಾಗಿರುವ ವಸ್ತುವಿಗೆ ಈ ವಾದ ಸಲ್ಲಬಹುದು. ದೋಷವಿರುವ ನಾಣ್ಯಕ್ಕೆ ಸಲ್ಲದು. ಟಂಕಸಾಲೆಯ ದೋಷವೋ, ಬಳಿಕ ಸುತ್ತಿಗೆಯಿಂದ ಮಾಡಿದ ಮೋಸವೋ ಎಂಬುದನ್ನು ಸಾಮಾನ್ಯನು ಬಲ್ಲವರು ಕೂಗುವ ಬೆಲೆಯಿಂದಲೇ ಊಹಿಸುತ್ತಾನೆ. ಬಲ್ಲವನು ಕೊನೆಯವರೆಗೂ ಅಡಗಿದ್ದರೆ ಆ ಅರಿವು ಸಭೆಗೆ ದೊರೆಯದು. ಮಾರುವವನಿಗೂ ತಕ್ಕ ಬೆಲೆ ಸಿಕ್ಕದೆ ಹೋಗಬಹುದು.

ಹಾಗೆಂದು ಅಡಗಿದವನೊಬ್ಬನನ್ನೇ ದೂಷಿಸುವುದೂ ಅರ್ಧ ಸತ್ಯವೇ. ಆಲ್ವಿನ್ ರಾತ್ ಮತ್ತು ಆಕ್ಸೆಲ್ ಒಕೆನ್‌ಫೆಲ್ಸ್ 2002ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ತೋರಿಸಿದೆ. ಅಂದಿನ ಅಮೆಜಾನ್ ಹರಾಜಿನಲ್ಲಿ ಕೊನೆಯ ಹತ್ತು ನಿಮಿಷದೊಳಗೆ ಯಾರಾದರೂ ಬೆಲೆ ಹಾಕಿದರೆ ಅವಧಿ ತಾನಾಗಿ ಮುಂದುವರಿಯುತ್ತಿತ್ತು. ಅಲ್ಲಿ ಕೊನೆಗಳಿಗೆಯ ನುಗ್ಗಾಟ ಇಬೇಗಿಂತ ಬಹಳ ಕಡಿಮೆ. ಇಬೇಯಲ್ಲಿಯೂ ಗಣಕಯಂತ್ರಗಳಿಗಿಂತ ಪುರಾತನ ವಸ್ತುಗಳ ಹರಾಜಿನಲ್ಲೇ ಅದು ಹೆಚ್ಚು. ನಿಯಮ ಬದಲಾದೊಡನೆ ನಡತೆಯೂ ಬದಲಾಗುತ್ತದೆ ಎಂದಾಯಿತು. ಪರಿಹಾರ ಗೊತ್ತಿದ್ದೂ ಹಳೆಯ ನಿಯಮವನ್ನೇ ಉಳಿಸಿಕೊಂಡ ತಾಣಗಳು ಹೊಣೆಯಿಂದ ಜಾರಿಕೊಳ್ಳಲಾಗದು.

ಈ ಸೀಮೆಯ ಯುವಕರು ಎರಡು ಮಾತು ನೆನಪಿಡಬೇಕು. ಹಳೆಯ ನಾಣ್ಯ ಕೊಳ್ಳುವೆವೆಂದು ರಿಸರ್ವ್ ಬ್ಯಾಂಕಿನ ಹೆಸರಿನಲ್ಲಿ ಶುಲ್ಕ ಕೇಳುವವರು ವಂಚಕರೆಂದು ಆ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಎಚ್ಚರಿಸಿದೆ. ಇನ್ನು ನಾಣ್ಯ ಮಾರುವುದಾದರೆ, ಕೊನೆಯ ಕೂಗಿಗೂ ಉತ್ತರ ಕೊಡಲು ಬಿಡುವ ಹರಾಜಿನಲ್ಲೇ ಮಾರಬೇಕು. ಮೂರನೆಯ ಕೂಗಿಗೆ ಕಾಯದ ಹರಾಜು ಹರಾಜೇ ಅಲ್ಲ.