ಕಾಲುಚೀಲದಲ್ಲಿ ಉಳಿದ ಚಿತ್ರ

ಈ ಚಿತ್ರವನ್ನು ವಾಚಕರಲ್ಲಿ ಕೆಲವರಾದರೂ ಕಂಡಿರಬಹುದು. ತರುಣನೊಬ್ಬನು ಸಾಯುತ್ತಿರುವ ಬಾಲಕನನ್ನು ತೋಳುಗಳಲ್ಲಿ ಎತ್ತಿಕೊಂಡು ಓಡಿಬರುತ್ತಿರುವನು. ಪಕ್ಕದಲ್ಲಿ ಶಾಲೆಯ ಉಡುಪಿನ ಹುಡುಗಿಯೊಬ್ಬಳು ಗೋಳಿಡುತ್ತ ಓಡುತ್ತಿರುವಳು. ಬಾಲಕನ ಹೆಸರು ಹೆಕ್ಟರ್ ಪೀಟರ್ಸನ್. ಹುಡುಗಿ ಅವನ ಅಕ್ಕ ಆಂಟೊನೆಟ್. ಎತ್ತಿಕೊಂಡವನು ಎಂಬುಯಿಸಾ ಮಖುಬೊ.

ಅದು ದಕ್ಷಿಣ ಆಫ್ರಿಕದ ಸೊವೆಟೊ ಎಂಬಲ್ಲಿ 1976ನೆಯ ಇಸವಿ ಜೂನ್ 16ರಂದು ನಡೆದುದು. ಅಲ್ಲಿನ ಬಿಳಿಯರ ಸರಕಾರವು ಆಫ್ರಿಕನ್ ಮಕ್ಕಳು ಗಣಿತವೇ ಮೊದಲಾದ ಪಾಠಗಳನ್ನು ಆಫ್ರಿಕಾನ್ಸ್ ಭಾಷೆಯಲ್ಲಿಯೇ ಕಲಿಯತಕ್ಕದ್ದೆಂದು ವಿಧಿಸಿತ್ತು. ಅರಿಯದ ಭಾಷೆಯಲ್ಲಿ ಲೆಕ್ಕ ಕಲಿಯುವ ಸಂಕಟ ನಮ್ಮ ಮನೆಗಳಿಗೂ ಹೊಸತಲ್ಲ. ಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ಮೆರವಣಿಗೆ ಹೊರಟರು. ಪೊಲೀಸರು ಅಶ್ರುವಾಯು ಎಸೆದರು, ಆಮೇಲೆ ಗುಂಡು ಹಾರಿಸಿದರು.

‘ದಿ ವರ್ಲ್ಡ್’ ಪತ್ರಿಕೆಯ ಛಾಯಾಗ್ರಾಹಕ ಸ್ಯಾಮ್ ನ್ಜಿಮಾ ಅಲ್ಲಿದ್ದರು. ಓಡಿಬರುತ್ತಿದ್ದ ಮೂವರ ಆರು ಚಿತ್ರಗಳನ್ನು ತೆಗೆದು, ಪೊಲೀಸರ ಕೈಗೆ ಸಿಕ್ಕರೆ ಫಿಲ್ಮು ಬೆಳಕು ಕಂಡು ಹಾಳಾಗುವುದೆಂದು ತಿಳಿದು, ಸುರುಳಿಯನ್ನು ಬಿಚ್ಚಿ ಕಾಲುಚೀಲದೊಳಗೆ ಅಡಗಿಸಿಕೊಂಡರು. ಅದು ಕಚೇರಿಗೆ ತಲುಪಿತು. ಚಿತ್ರವು ಲೋಕವನ್ನೆಲ್ಲ ಸುತ್ತಿತು.

ಒಂದು ಸುರುಳಿಗಾಗಿ ಇಷ್ಟು ಪಾಡೇಕೆ ಎಂದರೆ, ಅದಕ್ಕೆ ಹಿಂದಿನ ಅನುಭವವಿತ್ತು. 1960ರ ಮಾರ್ಚ್ 21ರಂದು ಶಾರ್ಪ್‌ವಿಲ್ಲಿನಲ್ಲಿ, ಆಫ್ರಿಕನ್ನರು ಸದಾ ಹೊತ್ತು ತಿರುಗಬೇಕಾಗಿದ್ದ ರಹದಾರಿ ಚೀಟಿಯನ್ನು ವಿರೋಧಿಸಿ ಪೊಲೀಸ್ ಠಾಣೆಯೆದುರು ನೆರೆದ ಜನರ ಮೇಲೆ ಗುಂಡು ಹಾರಿತು. ಅಧಿಕೃತ ಲೆಕ್ಕದಂತೆಯೇ 69 ಮಂದಿ ಸತ್ತರು. ಗುಂಪು ತಮ್ಮ ಮೇಲೇರಿ ಬಂದಿತೆಂದು ಪೊಲೀಸರು ಹೇಳಿದರು. ಆದರೆ ‘ಡ್ರಮ್’ ಪತ್ರಿಕೆಗಾಗಿ ಅಲ್ಲಿಗೆ ಹೋಗಿದ್ದ ಇಯಾನ್ ಬೆರಿಯವರ ಚಿತ್ರಗಳಲ್ಲಿ ಜನರು ಠಾಣೆಗೆ ಬೆನ್ನು ಮಾಡಿ ಓಡುತ್ತಿದ್ದಾರೆ. ಒಬ್ಬ ಹುಡುಗನಂತೂ ಗುಂಡಿಗೆ ಅಡ್ಡವಾದೀತೆಂಬಂತೆ ಅಂಗಿಯನ್ನು ತಲೆಯ ಮೇಲೆಳೆದುಕೊಂಡಿರುವನು. ಬಹುಮಂದಿಗೆ ಗುಂಡು ತಗುಲಿದ್ದು ಬೆನ್ನಿಗೆ. ಅಧಿಕಾರಿಯ ಮಾತಿಗೆ ಎದುರು ನಿಲ್ಲಬಲ್ಲ ಸಾಕ್ಷಿ ಅಲ್ಲಿ ಬೇರೆ ಎಷ್ಟಿತ್ತು?

ಸೊವೆಟೊದ ಚಿತ್ರಕ್ಕೆ ತೆರಬೇಕಾದ ಬೆಲೆ ಮಾತ್ರ ದೊಡ್ಡದಾಯಿತು. ನ್ಜಿಮಾರವರು ಪೊಲೀಸರ ಕಾಟ ತಾಳಲಾರದೆ ಕೆಲಸವನ್ನೂ ಜೋಹಾನ್ಸ್‌ಬರ್ಗನ್ನೂ ತೊರೆದು ಹಳ್ಳಿ ಸೇರಿದರು. ‘ದಿ ವರ್ಲ್ಡ್’ ಪತ್ರಿಕೆಯನ್ನು 1977ರಲ್ಲಿ ಸರಕಾರ ನಿಷೇಧಿಸಿತು. ತಾವೇ ತೆಗೆದ ಚಿತ್ರದ ಹಕ್ಕು ಅವರ ಕೈಸೇರಲು 1998ರವರೆಗೆ ಕಾಯಬೇಕಾಯಿತು. ಅವರು 2018ರಲ್ಲಿ ತೀರಿಕೊಂಡರು.

ಎಂಬುಯಿಸಾನ ಗತಿ ಇನ್ನೂ ದಾರುಣ. ಚಿತ್ರದಲ್ಲಿ ಮುಖ ಕಂಡುದೇ ಅಪರಾಧವಾಗಿ, ಪೊಲೀಸರ ಕಾಟಕ್ಕೆ ಅವನು ದೇಶ ಬಿಟ್ಟನು. 1978ರಲ್ಲಿ ನೈಜೀರಿಯದಿಂದ ತಾಯಿಗೆ ಒಂದು ಕಾಗದ ಬಂದಿತು. ಆಮೇಲೆ ಅವನ ಸುದ್ದಿಯಿಲ್ಲ. ಲೋಕವು ಅವನನ್ನು ವೀರನೆಂದು ಕೊಂಡಾಡಿದಾಗ ಆ ತಾಯಿ ಒಪ್ಪಲಿಲ್ಲ. ಬಿದ್ದ ಹುಡುಗನನ್ನು ಎತ್ತುವುದು ಅಣ್ಣನಾದವನ ಕೆಲಸ, ದಾಟಿಕೊಂಡು ಹೋಗಿದ್ದರೆ ಅವನು ಈ ಊರಿನಲ್ಲಿ ಬಾಳುವಂತೆಯೇ ಇರಲಿಲ್ಲ ಎಂಬುದು ಆಕೆಯ ಮಾತು. 2004ರಲ್ಲಿ, ಮಗನ ಸುದ್ದಿ ತಿಳಿಯದೆಯೇ, ಆಕೆ ಕಣ್ಣು ಮುಚ್ಚಿದರು.