ಮುಗುಡಿನ ಹೆಸರು

ಐಚ್ಛಿಕ ಕನ್ನಡದ ವಿದ್ಯಾರ್ಥಿಗೂ ಹೊಳೆಯ ಮೀನಿಗೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ಆ ಸಂಬಂಧ ಹೆಸರಿನದು.

1800–01ರಲ್ಲಿ ಮೈಸೂರು, ಕೆನರಾ, ಮಲಬಾರು ಸೀಮೆಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ನಮಗೆ ಪ್ರವಾಸಕಥನಕಾರನಾಗಿ ಪರಿಚಿತ. ಅವನೇ ಮುಂದೆ ಹ್ಯಾಮಿಲ್ಟನ್ ಎಂಬ ಹೆಸರು ತಳೆದು, 1822ರಲ್ಲಿ ಗಂಗಾನದಿಯ ಮೀನುಗಳನ್ನು ಕುರಿತ ಗ್ರಂಥವನ್ನು ಪ್ರಕಟಿಸಿದನು. ಅದರಲ್ಲಿ ಅವನು ಮೀಸೆಮೀನುಗಳಿಗೆ ಇಟ್ಟ ಮಾಗುರ್, ಪಾಬ್ದಾ, ಟೆಂಗರಾ, ರೀಟಾ ಎಂಬ ಹೆಸರುಗಳು ಆ ನಾಡಿನ ಜನರ ಆಡುಮಾತಿನವು. ಅವು ಇಂದಿಗೂ ಶಾಸ್ತ್ರೀಯ ನಾಮಗಳಾಗಿ ನಿಂತಿವೆ. ಜನರು ಹೇಳಿದರು, ಒಬ್ಬನು ಬರೆದುಕೊಂಡನು, ಆದ್ದರಿಂದ ಉಳಿದವು.

ನಮ್ಮ ಕಾಸರಗೋಡಿನ ಮಾತೇನು? ಇಲ್ಲಿನ ಹೊಳೆ, ತೋಡು, ಗದ್ದೆಗಳಲ್ಲಿ ಮುಗುಡು ಇದೆ. ಮಲಯಾಳದಲ್ಲಿ ಅದು ಮುಷಿ. ಮೈಮೇಲೆ ಹುರುಪೆಯಿಲ್ಲ, ಬಾಯಿಯ ಸುತ್ತ ನಾಲ್ಕು ಜೊತೆ ಮೀಸೆಗಳಿವೆ. ಕಿವಿರುಗೂಡಿನೊಳಗೆ ಮರದ ಕೊಂಬೆಯಂತೆ ಕವಲೊಡೆದ ಅಂಗವೊಂದಿದ್ದು, ಅದರಿಂದ ಗಾಳಿಯನ್ನೇ ಉಸಿರಾಡಬಲ್ಲದು. ಬೇಸಗೆಯಲ್ಲಿ ಕೆಸರಿನಲ್ಲಿ ಹುದುಗಿ ಬದುಕುವುದೂ, ಮಳೆ ಹಿಡಿದಾಗ ಹೊಳೆಯಿಂದ ಗದ್ದೆಗೆ ಏರುವುದೂ ಅದಕ್ಕೆ ಸಾಧ್ಯವಾದುದು ಹೀಗೆ. ಮೊದಲ ಮಳೆಯ ರಾತ್ರಿ ದೀಪ ಹಿಡಿದು ಗದ್ದೆಗಿಳಿಯುತ್ತಿದ್ದ ಹಿರಿಯರಿಗೆ ಇದೆಲ್ಲವೂ ತಿಳಿದಿತ್ತು. ಮುಗುಡು, ಚೇಳುಮೀನು, ಗಿರ್ಲು, ಬಾಳೆಮೀನು ಇವುಗಳನ್ನು ಅವರು ಕತ್ತಲಲ್ಲೂ ಬೇರ್ಪಡಿಸಿ ಗುರುತಿಸುತ್ತಿದ್ದರು.

ಈಗ ಗದ್ದೆಗಳು ಅಡಕೆತೋಟಗಳಾಗಿವೆ. ಇನ್ನೊಂದೆಡೆ, ಕೇಂದ್ರ ಸರಕಾರವು 2000ದಲ್ಲಿಯೇ ಸಾಕಣೆಯನ್ನು ನಿಷೇಧಿಸಿದ್ದರೂ, ಆಫ್ರಿಕನ್ ಕ್ಯಾಟ್‌ಫಿಷ್ ಕೇರಳದ ಜಲಾಶಯಗಳನ್ನೂ ಹೊಳೆಗಳನ್ನೂ ಸೇರಿದೆ. ಸಿಕ್ಕಿದ ಮೀನನ್ನೆಲ್ಲ ನುಂಗಿ ಬೆಳೆಯುವ ಈ ಮೀನಿಗೆ ಜನರು ಇಟ್ಟ ಹೆಸರೂ ಆಫ್ರಿಕನ್ ಮುಷಿಯೇ. ಮೊದಲ ಪದ ಉದುರಿದರೆ ಉಳಿಯುವುದು ಬರಿಯ ಮುಷಿ. ಎರಡನ್ನೂ ಒಂದೇ ಹೆಸರಿನಿಂದ ಕರೆಯುವ ತಲೆಮಾರಿಗೆ, ಒಂದು ಅಳಿದು ಅದರ ಸ್ಥಾನದಲ್ಲಿ ಇನ್ನೊಂದು ಬಂದುದು ತಿಳಿಯುವುದಾದರೂ ಹೇಗೆ?

ಹೆಸರು ಬರೆದಿಟ್ಟ ಮಾತ್ರಕ್ಕೆ ಮೀನು ಉಳಿಯದು ಎಂಬ ಆಕ್ಷೇಪ ಸರಿಯಾದುದೇ. ಗದ್ದೆ ಉಳಿಯಬೇಕು, ತೋಡು ಹರಿಯಬೇಕು. ಆದರೆ ಹೆಸರಿಲ್ಲದುದರ ಪರವಾಗಿ ಯಾರೂ ವಾದಿಸಲಾರರು.

ಆದುದರಿಂದ ನನ್ನ ಸಲಹೆಯಿಷ್ಟೆ: ಮುಂದಿನ ಮಳೆಗಾಲದೊಳಗೆ ನಮ್ಮ ವಿಭಾಗದ ಪ್ರತಿಯೊಬ್ಬರೂ ತಮ್ಮ ಊರಿನ ಹಿರಿಯರಿಂದ ಹೊಳೆಮೀನುಗಳ ಹೆಸರು ಸಂಗ್ರಹಿಸಲಿ. ಹೆಸರಿನೊಡನೆ ಊರು, ಹೇಳಿದವರ ಮನೆಮಾತು, ಮೀನಿನ ಗುರುತು, ಅದು ಸಿಗುವ ಕಾಲ ಇವೂ ದಾಖಲಾಗಲಿ. ಕನ್ನಡ, ತುಳು, ಮಲಯಾಳ ಮೂರೂ ಬೆರೆತ ಗಡಿನಾಡು ನಮ್ಮದು; ಇಂತಹ ಪಟ್ಟಿಯನ್ನು ನಮಗಿಂತ ಚೆನ್ನಾಗಿ ಯಾರು ಮಾಡಬಲ್ಲರು? ಬುಕಾನನ್ ಬರುವನೆಂದು ಕಾಯಬೇಕಾಗಿಲ್ಲ. ಆದರೆ ಹೇಳಬಲ್ಲ ಅಜ್ಜಂದಿರು ಇನ್ನೆಷ್ಟು ಮಳೆಗಾಲ ನಮ್ಮೊಡನಿರುವರು?