ತೊಗರಿ ಕಟಾವಿಗೂ ತೆರೆದಿರಲಿ ಕೂಸಿನ ಮನೆ

ತೊಗರಿ ಕಟಾವಿನ ದಿನಗಳಲ್ಲಿ ಕಾಳಗಿ ಸುತ್ತಲಿನ ಹಳ್ಳಿ, ತಾಂಡಾಗಳು ಬೆಳಗಾಗುತ್ತಲೇ ಖಾಲಿಯಾಗುತ್ತವೆ. ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೊರಟ ಹೆಂಗಸರ ಹಿಂದೆ, ತಮ್ಮನನ್ನು ಸೊಂಟದ ಮೇಲೆ ಎತ್ತಿಕೊಂಡ ಹತ್ತು ವರ್ಷದ ಹುಡುಗಿಯೂ ಹೊರಡುತ್ತಾಳೆ. ಅಂಥದ್ದೇ ಒಂದು ಬೆಳಿಗ್ಗೆ ನಮ್ಮ ಓಣಿಯ ತಾಯಿಯೊಬ್ಬರನ್ನು, ‘ಅಕ್ಕಾ, ಇಕಿನ್ನ ಸಾಲಿಗಿ ಯಾಕ ಕಳಿಸಿಲ್ಲ?’ ಎಂದು ಕೇಳಿದೆ. ‘ಇಕಿ ಸಾಲಿಗಿ ಹೋದ್ರ ಕೂಸಿನ ಯಾರ್ ನೋಡ್ಬೇಕು? ನಾ ಮನ್ಯಾಗ ಕುಂತ್ರ ಹೊಟ್ಟಿಗೇನ್ ತಿನ್ಬೇಕು?’ ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ದುಡಿಯುವ ತಾಯಂದಿರಿಗೆ ನಮ್ಮಲ್ಲಿ ಕಾನೂನುಗಳೇನೂ ಕಡಿಮೆಯಿಲ್ಲ. 1948ರ ಕಾರ್ಖಾನೆ ಕಾಯ್ದೆ, 30ಕ್ಕಿಂತ ಹೆಚ್ಚು ಮಹಿಳೆಯರು ದುಡಿಯುವ ಕಾರ್ಖಾನೆಯಲ್ಲಿ ಶಿಶುಪಾಲನಾ ಕೊಠಡಿ ಇರಬೇಕೆಂದಿತು. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ 26 ವಾರಗಳ ವೇತನಸಹಿತ ರಜೆ ಕೊಟ್ಟಿತು. ಆದರೆ ಹೊಲದ ಕೂಲಿಯಾಳಿಗೆ ಹಾಜರಿ ಪುಸ್ತಕವೂ ಇಲ್ಲ, ರಜೆಯೂ ಇಲ್ಲ. ಊರಿನ ಅಂಗನವಾಡಿಯಲ್ಲಿ ದಿನವೂ ಕೂತು ಕಲಿಯುವುದು 3ರಿಂದ 6 ವರ್ಷದ ಮಕ್ಕಳು. ಅದಕ್ಕೂ ಚಿಕ್ಕವರ ಪಾಲಿನ ಪೌಷ್ಟಿಕ ಆಹಾರ ಮನೆಗೆ ಬರುತ್ತದೆ, ನೋಡಿಕೊಳ್ಳುವವರು ಬರುವುದಿಲ್ಲ.

ಈ ಕೊರತೆ ತುಂಬಲೆಂದೇ ರಾಜ್ಯ ಸರ್ಕಾರ ಸುಮಾರು 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯಲು ಮುಂದಾಯಿತು. ಮೂರು ವರ್ಷದೊಳಗಿನ ಮಕ್ಕಳನ್ನು ಅಲ್ಲಿ ಬಿಟ್ಟು ತಾಯಿ ಕೆಲಸಕ್ಕೆ ಹೋಗಬಹುದು. ಉದ್ಯೋಗ ಚೀಟಿ ಇರುವ ಊರಿನ ಮಹಿಳೆಯರಿಗೇ ತರಬೇತಿ ಕೊಟ್ಟು, ಮಕ್ಕಳನ್ನು ನೋಡಿಕೊಳ್ಳುವ ಅವರಿಗೆ ನರೇಗಾ ಕೂಲಿಯನ್ನೇ ಕೊಡುವ ವ್ಯವಸ್ಥೆ ಇದು. ಕೂಸನ್ನು ನೋಡಿಕೊಳ್ಳುವುದೂ ದುಡಿಮೆಯೇ ಎಂದು ಸರ್ಕಾರ ಒಪ್ಪಿ ಕೂಲಿ ಕೊಟ್ಟದ್ದು ಸಣ್ಣ ಮಾತಲ್ಲ.

ತೊಡಕಿರುವುದೂ ಅಲ್ಲೇ. ನರೇಗಾದಲ್ಲಿ ಒಂದು ಕುಟುಂಬಕ್ಕೆ ಸಿಗುತ್ತಿದ್ದುದು ವರ್ಷಕ್ಕೆ 100 ದಿನದ ಕೆಲಸ. ಆರೈಕೆ ಮಾಡುವವರು ಸರದಿಯಂತೆ ಬದಲಾಗಲೇಬೇಕು. ಕೂಸು ಒಬ್ಬರಿಗೆ ಹೊಂದಿಕೊಳ್ಳುವ ಹೊತ್ತಿಗೆ ಇನ್ನೊಬ್ಬರು ಬಂದಿರುತ್ತಾರೆ. ನರೇಗಾ ಬದಲಿಗೆ 2025ರ ಡಿಸೆಂಬರ್‌ನಲ್ಲಿ ಸಂಸತ್ತು ಅಂಗೀಕರಿಸಿದ ‘ವಿಬಿ–ಜಿ ರಾಮ್ ಜಿ’ ಕಾಯ್ದೆ ಕೆಲಸದ ದಿನಗಳನ್ನು 125ಕ್ಕೆ ಏರಿಸಿದೆ. ಜೊತೆಗೆ ಬಿತ್ತನೆ, ಕಟಾವಿನ ಕಾಲದಲ್ಲಿ ಒಟ್ಟು 60 ದಿನ ಕಾಮಗಾರಿ ನಿಲ್ಲಿಸಲೂ ಅವಕಾಶ ಕೊಟ್ಟಿದೆ. ವೆಚ್ಚದಲ್ಲಿ ಕರ್ನಾಟಕದಂಥ ರಾಜ್ಯಗಳ ಪಾಲು ಶೇ 40. ಕೂಸಿನ ಮನೆಯ ಕೂಲಿ ಈ ಯೋಜನೆಯನ್ನೇ ನೆಚ್ಚಿಕೊಂಡರೆ, ಅದು ಬಾಗಿಲು ಹಾಕುವುದು ತಾಯಂದಿರು ಹೊಲದಲ್ಲಿ ಹೆಚ್ಚು ದುಡಿಯುವ ದಿನಗಳಲ್ಲೇ.

ಆದ್ದರಿಂದ ಕೂಸಿನ ಮನೆಗೆ ಉದ್ಯೋಗ ಯೋಜನೆಯ ಹಂಗು ತಪ್ಪಬೇಕು. ಕೇಂದ್ರದ ‘ಪಾಲನಾ’ ಯೋಜನೆಯಲ್ಲಿ ಅಂಗನವಾಡಿಯಲ್ಲೇ ಶಿಶುಪಾಲನಾ ಕೇಂದ್ರ ನಡೆಸಲು ಅವಕಾಶವಿದೆ. ಅದನ್ನು ಬಳಸಿಕೊಂಡು, ವರ್ಷವಿಡೀ ಅದೇ ಇಬ್ಬರು ಆರೈಕೆದಾರರಿಗೆ ತಿಂಗಳ ಗೌರವಧನ ಕೊಡಲಿ. ಹೊಲಕ್ಕೆ ಹೋಗುವ ಹೊತ್ತಿಗೆ ಬಾಗಿಲು ತೆರೆಯಲಿ, ತಾಯಿ ಮರಳುವವರೆಗೆ ತೆರೆದೇ ಇರಲಿ. ಖರ್ಚು ಬರುತ್ತದೆ, ನಿಜ. ಆದರೆ ಆ ಖರ್ಚನ್ನು ಈಗಲೂ ಒಬ್ಬರು ಭರಿಸುತ್ತಿದ್ದಾರೆ: ಸೊಂಟದ ಮೇಲೆ ತಮ್ಮನನ್ನು ಹೊತ್ತು, ಸಾಲಿ ತಪ್ಪಿಸಿಕೊಂಡ ಆ ಹುಡುಗಿ.